ಮಲೆನಾಡಿನ ಮಣ್ಣುದಾರಿಯಲ್ಲಿ ಸೈಕಲ್ ಸವಾರಿ: ವಾಹನವಿಲ್ಲದ ಹಾದಿಯನ್ನು ಅರಸುವ ಬಗೆ

ಬೆಟ್ಟದ ಸೀಮೆಯಲ್ಲಿ ಸೈಕಲ್ ತುಳಿಯಬೇಕೆಂಬ ಆಸೆಯಿಂದ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಮಲೆನಾಡಿಗೆ ಬರುವವರು, ಶಿರಾಡಿ ಘಾಟಿಯ ಹೆದ್ದಾರಿಯಲ್ಲಿ ಸರಕು ಲಾರಿಗಳ ಸಾಲಿಗೂ ಕಣಿವೆಯ ಅಂಚಿಗೂ ನಡುವೆ ಉಳಿದ ಗೇಣಗಲದ ಜಾಗದಲ್ಲಿ ಜೀವ ಹಿಡಿದುಕೊಂಡು ಸಾಗಿದ ಮೇಲೆ, ಅಥವಾ ರಜೆಯ ದಿನ ಮುಳ್ಳಯ್ಯನಗಿರಿಯ ಕಿರಿದಾದ ತಿರುವುಗಳಲ್ಲಿ ಕಾರುಗಳ ಹಿಂದೆ ಹೊಗೆ ಕುಡಿಯುತ್ತ ನಿಂತ ಮೇಲೆ, ಈ ನಾಡು ಸೈಕಲ್ಲಿಗೆ ತಕ್ಕುದಲ್ಲವೆಂದು ತೀರ್ಮಾನಿಸಿ ಹಿಂದಿರುಗುವುದುಂಟು. ಆ ತೀರ್ಮಾನಕ್ಕೆ ಕಾರಣವಾದದ್ದು ಅವರು ಹಿಡಿದ ದಾರಿಯೇ ಹೊರತು ನಾಡಿನ ದೋಷವಲ್ಲ. ಡಾಂಬರು ರಸ್ತೆಯ ಆಚೀಚೆ, ತೋಟದಿಂದ ತೋಟಕ್ಕೆ, ಗದ್ದೆಯ ಬಯಲಿನಿಂದ ಕಾನಿನ ಅಂಚಿಗೆ, ಒಂಟಿಮನೆಯಿಂದ ಊರ ದೇವಸ್ಥಾನಕ್ಕೆ ಹಾಯುವ ಮಣ್ಣಿನ, ಜಲ್ಲಿಯ, ಮುರಕಲ್ಲಿನ ದಾರಿಗಳು ಇಲ್ಲಿ ಅಸಂಖ್ಯಾತವಾಗಿವೆ. ಅವುಗಳಲ್ಲಿ ಎಷ್ಟೋ ದಾರಿಗಳಲ್ಲಿ ಬೆಳಗಿನ ಹೊತ್ತು ಒಂದು ಪಿಕಪ್ಪು, ಸಂಜೆಗೊಂದು ಸ್ಕೂಟರು ಹಾದುಹೋದರೆ ಅದೇ ಹೆಚ್ಚು. ಅಂಥ ದಾರಿಯನ್ನು ಕಂಡುಹಿಡಿಯುವುದು ಹೇಗೆ, ಕಂಡುಹಿಡಿದ ಮೇಲೆ ಅದರಲ್ಲಿ ಕ್ಷೇಮವಾಗಿ ಸಾಗುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ.

ಈ ದಾರಿಗಳ ಪೂರ್ವವೃತ್ತಾಂತವನ್ನು ಸ್ವಲ್ಪ ತಿಳಿದಿರುವುದು ಸವಾರನಿಗೆ ನೇರವಾಗಿ ಉಪಯುಕ್ತ. ಹತ್ತೊಂಬತ್ತನೆಯ ಶತಮಾನದಲ್ಲಿ ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಸೀಮೆಗಳಲ್ಲಿ ಕಾಫಿತೋಟಗಳು ಹಬ್ಬಿದಾಗ ಫಸಲನ್ನು ಹೊರಗೆ ಸಾಗಿಸುತ್ತಿದ್ದುದು ಎತ್ತಿನ ಗಾಡಿ. ಹೊರೆ ತುಂಬಿದ ಗಾಡಿಯನ್ನು ಕಡಿದಾದ ಏರಿನಲ್ಲಿ ಎತ್ತುಗಳು ಎಳೆಯಲಾರವು. ಆದಕಾರಣ ಗಾಡಿದಾರಿಯನ್ನು ಮಾಡಿದವರು ಬೆಟ್ಟದ ಮಗ್ಗುಲನ್ನು ಬಳಸಿ ಬಳಸಿ, ದೂರ ಹೆಚ್ಚಾದರೂ ಏರು ಮಿತಿಮೀರದಂತೆ ನೋಡಿಕೊಂಡರು. ಜೀಪು, ಟ್ರ್ಯಾಕ್ಟರುಗಳು ಬಂದ ಮೇಲೆ ಕಡಿದ ದಾರಿಗಳಿಗೆ ಆ ಸಂಯಮ ಬೇಕಾಗಲಿಲ್ಲ. ಅವು ನೆಟ್ಟಗೆ ಗುಡ್ಡವನ್ನೇರಿದವು. ಮನುಷ್ಯನ ಕಾಲಿನ ಶಕ್ತಿ ಜೀಪಿನ ಎಂಜಿನ್ನಿಗಿಂತ ಎತ್ತಿನ ಶಕ್ತಿಗೆ ಹತ್ತಿರವಾದದ್ದರಿಂದ, ಹಳೆಯ ಗಾಡಿದಾರಿಯೇ ಸೈಕಲ್ಲಿಗೆ ಹೇಳಿ ಮಾಡಿಸಿದ ದಾರಿ.

ವಾಹನವಿಲ್ಲದ ಹಾದಿಯನ್ನು ಅರಸುವ ಕ್ರಮ

ಎರಡು ಊರುಗಳ ನಡುವೆ ಒಂದಕ್ಕಿಂತ ಹೆಚ್ಚು ದಾರಿಗಳಿದ್ದರೆ ವಾಹನಗಳೆಲ್ಲ ಉತ್ತಮವಾದ ಒಂದನ್ನೇ ಹಿಡಿಯುತ್ತವೆ, ಉಳಿದದ್ದು ಬರಿದಾಗುತ್ತದೆ. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮಸಡಕ್ ಯೋಜನೆಯಿಂದಲೂ ಅನಂತರದ ರಾಜ್ಯದ ಯೋಜನೆಗಳಿಂದಲೂ ಹಳ್ಳಿಹಳ್ಳಿಗೆ ಡಾಂಬರು, ಕಾಂಕ್ರೀಟು ಬಂದಂತೆಲ್ಲ, ಹೀಗೆ ತಮ್ಮ ಕೆಲಸದಿಂದ ಬಿಡುಗಡೆ ಪಡೆದ ದಾರಿಗಳ ಸಂಖ್ಯೆಯೂ ಬೆಳೆಯಿತು. ನೀವು ಹುಡುಕಬೇಕಾದದ್ದು ಇಂಥ ಎರಡನೆಯ ದಾರಿಯನ್ನು. ತುದಿಯಲ್ಲಿ ಊರಿಲ್ಲದ ದಾರಿಗೂ ಇದೇ ನ್ಯಾಯ ಅನ್ವಯಿಸುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಊರುಗಳನ್ನು ನುಂಗಿದ ಬಳಿಕ, ಸಾಗರ, ಹೊಸನಗರ ಸೀಮೆಯ ಎಷ್ಟೋ ಹಳೆಯ ದಾರಿಗಳು ನೀರಿನ ಅಂಚಿಗೆ ಹೋಗಿ ನಿಂತುಬಿಟ್ಟಿವೆ. ಮನೆಮಠ ಕಳೆದುಕೊಂಡವರ ದುಃಖ ಆ ನೀರಿನ ಕೆಳಗಿದೆಯೆಂಬುದನ್ನು ಮರೆಯದೆ ಆ ದಾರಿಗಳಲ್ಲಿ ಸಾಗಬೇಕು. ಆದರೆ ಊರುಗಳ ನಡುವಣ ಸಂಚಾರ ಸ್ಥಿರವಾದುದಲ್ಲ: 2025ರ ಜುಲೈನಲ್ಲಿ ಅದೇ ಹಿನ್ನೀರಿನ ಮೇಲಣ ಸಿಗಂದೂರಿನ ಸೇತುವೆ ತೆರೆದ ಮೇಲೆ, ಲಾಂಚಿಗಾಗಿ ಕಾದು ಹೊಳೆ ದಾಟುತ್ತಿದ್ದ ವಾಹನಗಳು ಈಗ ನೇರವಾಗಿ ಹೋಗುತ್ತಿವೆ, ಹಾಗಾಗಿ ಹಳೆಯ ಅನುಭವವನ್ನೇ ನಂಬಿ ಹೊರಡದೆ ಪ್ರತಿಸಲವೂ ವಿಚಾರಿಸಿಕೊಳ್ಳುವುದು ಅವಶ್ಯ.

1. ಮೊದಲು ನಕ್ಷೆಯನ್ನು ಓದಿರಿ. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ 2 ಸೆಂಟಿಮೀಟರು ನೆಲದ ಮೇಲಿನ ಒಂದು ಕಿಲೋಮೀಟರಿಗೆ ಸಮ. ಸಮೋನ್ನತ ರೇಖೆಗಳ ನಡುವಣ ಅಂತರ ಸಾಮಾನ್ಯವಾಗಿ 20 ಮೀಟರು. ದಾರಿಯು ಈ ರೇಖೆಗಳನ್ನು 4 ಮಿಲಿಮೀಟರಿಗೊಮ್ಮೆ ಕತ್ತರಿಸುತ್ತಿದ್ದರೆ 200 ಮೀಟರು ದೂರಕ್ಕೆ 20 ಮೀಟರು ಏರು, ಅಂದರೆ ಶೇಕಡ 10. ಎರಡು ಮಿಲಿಮೀಟರಿಗೊಮ್ಮೆ ಕತ್ತರಿಸಿದರೆ ಶೇಕಡ 20, ಅದು ಸೈಕಲ್ಲನ್ನು ನೂಕಿಕೊಂಡು ನಡೆಯಬೇಕಾದ ದಾರಿ. ರೇಖೆಗಳಿಗೆ ಸಮಾಂತರವಾಗಿ, ಅವನ್ನು ಅಪರೂಪಕ್ಕೆ ದಾಟುತ್ತ ಸಾಗುವ ದಾರಿ ಕಂಡರೆ ಅದು ಬಹುಮಟ್ಟಿಗೆ ಹಳೆಯ ಗಾಡಿದಾರಿಯೇ.

2. ಬಳಿಕ ಉಪಗ್ರಹದ ಚಿತ್ರದಲ್ಲಿ ಅದೇ ದಾರಿಯನ್ನು ನೋಡಿರಿ. ಕಾಫಿತೋಟದ ಸಿಲ್ವರ್ ಓಕ್ ಮರಗಳ ಅಡಿಯಲ್ಲಿ ದಾರಿ ಮರೆಯಾಗುವುದು ಸಹಜ. ಆದರೆ ಗದ್ದೆಯ ಬಯಲಿನಲ್ಲೂ ಹುಲ್ಲುಗಾವಲಿನಲ್ಲೂ ಅದು ಕಾಣದೆ ಹೋದರೆ, ನಕ್ಷೆಯಲ್ಲಿ ಮಾತ್ರ ಉಳಿದು ನೆಲದ ಮೇಲೆ ಅಳಿದುಹೋದ ದಾರಿಯೆಂದು ತಿಳಿಯಬೇಕು.

3. ನೆಲ ಯಾರದೆಂಬುದನ್ನು ತಿಳಿದುಕೊಳ್ಳಿರಿ. ಪಂಚಾಯಿತಿಯ ರಸ್ತೆ ಎಲ್ಲರದು. ತೋಟದ ರಸ್ತೆ ತೋಟದವರದು, ಅವರ ಒಪ್ಪಿಗೆ ಬೇಕು. ಮೀಸಲು ಅರಣ್ಯದ ದಾರಿ ಇಲಾಖೆಯದು. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ, ಪುಷ್ಪಗಿರಿ, ಶರಾವತಿ ಕಣಿವೆಯಂಥ ವನ್ಯಧಾಮಗಳ ಒಳದಾರಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಇವುಗಳನ್ನು ನಿಮ್ಮ ಯೋಜನೆಯಿಂದ ಪೂರ್ತಿಯಾಗಿ ಬಿಟ್ಟುಬಿಡುವುದೇ ಲೇಸು. ಕಾಡುಪ್ರಾಣಿಗಳ ನೆಮ್ಮದಿ ನಮ್ಮ ವಿಹಾರಕ್ಕಿಂತ ದೊಡ್ಡದು.

4. ಊರವರನ್ನು ಕೇಳಿರಿ, ಆದರೆ ಸರಿಯಾದ ಪ್ರಶ್ನೆಯನ್ನು ಕೇಳಿರಿ. "ಈ ದಾರಿ ಹೇಗಿದೆ?" ಎಂದರೆ ಮಲೆನಾಡಿನವರು ಕನಿಕರದಿಂದ, "ಅದು ಸರಿ ಇಲ್ಲ ಸಾರ್, ಯಾರೂ ಓಡಾಡಲ್ಲ, ಮೇನ್ ರೋಡಲ್ಲೇ ಹೋಗಿ" ಎನ್ನುತ್ತಾರೆ; ನಮಗೆ ಬೇಕಾದದ್ದು ಯಾರೂ ಓಡಾಡದ ಆ ದಾರಿಯೇ ಎಂಬುದು ಅವರಿಗೆ ತಿಳಿಯದು. ಆದ್ದರಿಂದ ಹೀಗೆ ಕೇಳಬೇಕು: ಮಳೆಗಾಲ ಕಳೆದ ಮೇಲೆ ಜೀಪು ಹೋಗಿದೆಯೇ? ಹಳ್ಳಕ್ಕೆ ಮೋರಿ ಇದೆಯೇ, ಬರಿಯ ಸಂಕವೇ? ಧರೆ ಜರಿದಿದೆಯೇ? ಈ ವಾರ ಆನೆ ಬಂದಿತ್ತೇ? ಈ ನಾಲ್ಕಕ್ಕೆ ಉತ್ತರ ದೊರೆತರೆ ಯಾವ ನಕ್ಷೆಯೂ ಹೇಳಲಾರದಷ್ಟು ವಿಷಯ ನಿಮಗೆ ತಿಳಿದಂತಾಯಿತು.

5. ಕಾಲದ ಲೆಕ್ಕವನ್ನು ಏರಿನಿಂದ ಹಾಕಿರಿ. ಹೊಸಬರಿಗೆ ನಾನು ಹೇಳುವ ಲೆಕ್ಕವಿದು: ಮಣ್ಣುದಾರಿಯ ಪ್ರತಿ 10 ಕಿಲೋಮೀಟರಿಗೆ ಒಂದು ಗಂಟೆ, ಒಟ್ಟು ಏರಿದ ಎತ್ತರದ ಪ್ರತಿ 400 ಮೀಟರಿಗೆ ಮತ್ತೊಂದು ಗಂಟೆ. 30 ಕಿಲೋಮೀಟರು ದೂರವೂ 800 ಮೀಟರು ಏರೂ ಇರುವ ದಾರಿಗೆ ಐದು ಗಂಟೆ ಬೇಕು. ಊಟ, ಪಂಕ್ಚರು, ಮಾತುಕತೆ ಅದರ ಮೇಲೆ.

ಏರಿನಲ್ಲಿ: ಗಾಳಿ ಮತ್ತು ಗೇರು

ಮಣ್ಣುದಾರಿಗೆ ಹೊಸಬರು ತಮ್ಮ ಬಲವನ್ನೇ ನಂಬಿ ಬರುತ್ತಾರೆ. ಇಲ್ಲಿ ಬಲಕ್ಕಿಂತ ಮುಖ್ಯವಾದವು ಎರಡು, ಟೈರಿನ ಗಾಳಿ ಮತ್ತು ಗೇರಿನ ಅನುಪಾತ.

ನುಣುಪಾದ ಡಾಂಬರಿನ ಮೇಲೆ ಗಟ್ಟಿಯಾಗಿ ಗಾಳಿ ಹೊಡೆದ ಟೈರು ಹಗುರವಾಗಿ ಉರುಳುವುದು ನಿಜ, ಏಕೆಂದರೆ ಟೈರು ಅದುಮಿ ಬಿಚ್ಚಿಕೊಳ್ಳುವುದರಲ್ಲಿ ವ್ಯಯವಾಗುವ ಶಕ್ತಿ ಆಗ ಕಡಮೆ. ಕಲ್ಲುಗಳ ಮೇಲೆ ಇದು ತಿರುಗುಮುರುಗಾಗುತ್ತದೆ. ಗಟ್ಟಿ ಟೈರು ಪ್ರತಿಯೊಂದು ಕಲ್ಲಿನ ಮೇಲೂ ಸೈಕಲ್ಲನ್ನೂ ಸವಾರನನ್ನೂ ಒಟ್ಟಾಗಿ ಮೇಲಕ್ಕೆತ್ತಿ ಕೆಳಗಿಳಿಸುತ್ತದೆ. ಮುಂದಕ್ಕೆ ಒಯ್ಯಬೇಕಾಗಿದ್ದ ಶಕ್ತಿ ಕೈಗಳ ನಡುಕದಲ್ಲಿ, ಬೆನ್ನಿನ ನೋವಿನಲ್ಲಿ ನಷ್ಟವಾಗುತ್ತದೆ. ಮೆದುವಾದ ಅಗಲ ಟೈರು ಕಲ್ಲನ್ನು ತನ್ನೊಳಗೆ ತೆಗೆದುಕೊಂಡು ಮುಂದೆ ಸಾಗುತ್ತದೆ, ನೆಲವನ್ನು ಹೆಚ್ಚು ಅಗಲವಾಗಿ ಕಚ್ಚುತ್ತದೆ. ಕನಿಷ್ಠ 40 ಮಿಲಿಮೀಟರು ಅಗಲದ ಟೈರಿರಲಿ. ಸೈಕಲ್ಲಿನ ಚೌಕಟ್ಟು ಹಿಡಿಸುವುದಾದರೆ 45, 50 ಇನ್ನೂ ಉತ್ತಮ. 70 ಕಿಲೋ ತೂಗುವವರು ಟ್ಯೂಬಿರುವ 40 ಮಿಲಿಮೀಟರು ಟೈರಿಗೆ ಮುಂದೆ 35, ಹಿಂದೆ 40 ಪಿಎಸ್‌ಐ ಹೊಡೆದು ಆರಂಭಿಸಬಹುದು. ಟ್ಯೂಬಿಲ್ಲದ ಟೈರಾದರೆ ಐದಾರು ಕಡಮೆ. ಅದಕ್ಕಿಂತ ಬಹಳ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತಾಗುತ್ತದೆ.

ಇನ್ನು ಗೇರು. ಸವಾರ, ಸೈಕಲ್ಲು, ನೀರು, ಸಾಮಾನು ಸೇರಿ 85 ಕಿಲೋ ಎಂದಿಟ್ಟುಕೊಳ್ಳೋಣ. ಶೇಕಡ 10ರ ಮಣ್ಣಿನ ಏರಿನಲ್ಲಿ ಗಂಟೆಗೆ 6 ಕಿಲೋಮೀಟರು ವೇಗದಿಂದ ಹೋಗಲು ಸುಮಾರು 160 ವಾಟ್ ಶಕ್ತಿ ಬೇಕು. ರೂಢಿಯಿರುವ ಸವಾರ ಇದನ್ನು ಬಹಳ ಹೊತ್ತು ಕೊಡಬಲ್ಲ. ಮುಂದಿನ ಹಲ್ಲುಚಕ್ರ 32, ಹಿಂದಿನದು 40 ಹಲ್ಲಿನದಾದರೆ, ಪೆಡಲನ್ನು ನಿಮಿಷಕ್ಕೆ 60 ಸುತ್ತು ತುಳಿದಾಗ ಬರುವ ವೇಗವೂ ಹೆಚ್ಚು ಕಡಮೆ ಇಷ್ಟೇ. ಡಾಂಬರಿಗೆಂದು ಮಾಡಿದ ಸೈಕಲ್ಲಿನಲ್ಲಿ ಮುಂದೆ 34, ಹಿಂದೆ 28 ಇದ್ದರೆ ಅದೇ 60 ಸುತ್ತಿಗೆ ವೇಗ ಗಂಟೆಗೆ 9 ಕಿಲೋಮೀಟರು ಮೀರುತ್ತದೆ, ಬೇಕಾಗುವ ಶಕ್ತಿ 250 ವಾಟಿನ ಆಚೆಗೆ ಹೋಗುತ್ತದೆ. ಅದನ್ನು ಕೊಡಲಾರದವನು ಸುತ್ತನ್ನು ಇಳಿಸಿ ಮೊಣಕಾಲಿನ ಮೇಲೆ ಭಾರ ಹಾಕುತ್ತಾನೆ. ಮಲೆನಾಡಿನ ಏರಿನಲ್ಲಿ ಮೊಣಕಾಲು ಕೆಡಿಸಿಕೊಂಡವರಲ್ಲಿ ಹಲವರ ರೋಗದ ಮೂಲ ಇಲ್ಲಿದೆ. ಹಿಂದಿನ ಚಕ್ರದ ದೊಡ್ಡ ಹಲ್ಲುಗಾಲಿ ಮುಂದಿನದಕ್ಕಿಂತ ದೊಡ್ಡದಾಗಿರಬೇಕೆಂಬ ಒಂದು ನಿಯಮವನ್ನು ಅಂಗಡಿಗೆ ಹೋಗುವಾಗ ನೆನಪಿನಲ್ಲಿಟ್ಟುಕೊಂಡರೆ ಸಾಕು.

ಏರುವಾಗ ಸೀಟಿನ ಮೇಲೆ ಕುಳಿತೇ ಇರಬೇಕು. ಎದ್ದು ನಿಂತು ತುಳಿದರೆ ಹಿಂದಿನ ಚಕ್ರದ ಮೇಲಣ ಭಾರ ಕಡಮೆಯಾಗಿ ಅದು ಸಡಿಲ ಜಲ್ಲಿಯಲ್ಲಿ ಬರಿದೆ ಸುತ್ತುತ್ತದೆ. ಪೂರ್ತಿ ಹಿಂದೆ ಸರಿದರೆ ಮುಂದಿನ ಚಕ್ರ ಎದ್ದು ದಿಕ್ಕು ತಪ್ಪುತ್ತದೆ. ಸೀಟಿನ ಮುಂತುದಿಗೆ ಸರಿದು, ಎದೆಯನ್ನು ಹ್ಯಾಂಡಲಿನ ಕಡೆಗೆ ಬಾಗಿಸಿ, ಮೊಣಕೈ ಸಡಿಲಬಿಟ್ಟು ಸಮಗತಿಯಲ್ಲಿ ತುಳಿಯುವುದು ಕ್ರಮ. ದಾರಿಯ ಯಾವ ಭಾಗದಲ್ಲಿ ಹೋಗಬೇಕೆಂಬುದಕ್ಕೂ ಒಂದು ತತ್ತ್ವವಿದೆ. ಜಲ್ಲಿಯ ರಸ್ತೆ ಗಟ್ಟಿಯಾಗುವುದು ಚಕ್ರಗಳ ತುಳಿತದಿಂದ; ಆದ್ದರಿಂದ ಜೀಪಿನ ಎರಡು ಗಾಲಿಜಾಡುಗಳು ಬಿಗಿಯಾಗಿಯೂ, ನಡುವಣ ದಿಣ್ಣೆ ಮತ್ತು ಅಂಚುಗಳು ಸಡಿಲ ಕಲ್ಲುಗಳಿಂದ ತುಂಬಿಯೂ ಇರುತ್ತವೆ. ಒಂದು ಜಾಡನ್ನು ಹಿಡಿದ ಮೇಲೆ ಅದನ್ನೇ ಅನುಸರಿಸಿರಿ. ತೋಟದ ಮಣ್ಣುದಾರಿಯಲ್ಲಿ ಥಟ್ಟನೆ ಒಂದಿಷ್ಟು ದೂರ ಕಾಂಕ್ರೀಟು ಕಾಣಿಸಿತೆಂದರೆ, ಮಳೆಗಾಲದಲ್ಲಿ ಜೀಪು ಕೂಡ ಅಲ್ಲಿ ಜಾರಿತ್ತೆಂದು ಅರ್ಥ: ಮುಂದಿರುವುದು ಆ ದಾರಿಯ ಅತ್ಯಂತ ಕಡಿದಾದ ಏರು, ಅದನ್ನು ಮುಟ್ಟುವ ಮುನ್ನವೇ ಗೇರು ಇಳಿಸಿಕೊಳ್ಳಬೇಕು.

ಇಳಿಜಾರಿನಲ್ಲಿ

ಏರು ಉಸಿರನ್ನು ಪರೀಕ್ಷಿಸುತ್ತದೆ. ಮೂಳೆ ಮುರಿಯುವುದು ಇಳಿಜಾರಿನಲ್ಲಿ. ಮಲೆನಾಡಿನ ಕೆಂಪು ನೆಲದ ಮೇಲೆ ಕಬ್ಬಿಣದಂಶವಿರುವ ಸಣ್ಣ ಉರುಟು ಕಲ್ಲುಗಳು ಒಣಗಾಲದಲ್ಲಿ ಬಿಡಿಬಿಡಿಯಾಗಿ ಬಿದ್ದಿರುತ್ತವೆ. ಕೆಳಗಣ ನೆಲ ಗಟ್ಟಿ, ಮೇಲಿನ ಕಲ್ಲು ಗೋಲಿಗಳಂತೆ ಉರುಳುವಂಥದು. ಇದರ ಮೇಲೆ ತಿರುವಿನ ನಡುವೆ ಬ್ರೇಕು ಹಿಡಿದರೆ ಚಕ್ರಕ್ಕೆ ಎರಡು ಕೆಲಸಗಳು ಒಮ್ಮೆಗೇ ಬೀಳುತ್ತವೆ, ನಿಲ್ಲಿಸುವುದು ಮತ್ತು ತಿರುಗಿಸುವುದು; ಸಡಿಲ ನೆಲದಲ್ಲಿ ಎರಡಕ್ಕೂ ಸಾಲುವಷ್ಟು ಹಿಡಿತವಿರುವುದಿಲ್ಲ. ಆದುದರಿಂದ ವೇಗವನ್ನು ತಿರುವಿಗೆ ಮುಂಚೆಯೇ, ನೇರವಾದ ಭಾಗದಲ್ಲಿ ಇಳಿಸಿ, ತಿರುವಿನಲ್ಲಿ ಬ್ರೇಕು ಬಿಟ್ಟು ಉರುಳತಕ್ಕದ್ದು.

ಮುಂದಿನ ಬ್ರೇಕಿಗೆ ಹೆದರಿ ಹಿಂದಿನದೊಂದನ್ನೇ ಹಿಡಿಯುವವರಿದ್ದಾರೆ. ಇಳಿಯುವಾಗ ಭಾರವೆಲ್ಲ ಮುಂದಕ್ಕೆ ವಾಲಿರುವುದರಿಂದ ಹಿಂದಿನ ಚಕ್ರ ಹಗುರಾಗಿರುತ್ತದೆ. ಅದನ್ನು ಒತ್ತಿ ಹಿಡಿದರೆ ಚಕ್ರ ನಿಂತು ಸೈಕಲ್ಲು ಜಾರುತ್ತದೆ, ವೇಗ ಮಾತ್ರ ಕುಗ್ಗುವುದಿಲ್ಲ. ನಿಲ್ಲಿಸುವ ನಿಜವಾದ ಶಕ್ತಿ ಮುಂದಿನ ಬ್ರೇಕಿನಲ್ಲಿದೆ. ಒಂದೇ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟು ಒತ್ತುವುದನ್ನು ಮೊದಲು ಸಮತಟ್ಟಾದ ಮಣ್ಣಿನಲ್ಲಿ ಕಲಿತು ಬರಬೇಕು. ಪೆಡಲುಗಳೆರಡೂ ಸಮನಾಗಿ, ಸೊಂಟ ಸೀಟಿನಿಂದ ಕೊಂಚ ಎದ್ದು ಹಿಂದಕ್ಕೆ, ದೃಷ್ಟಿ ಮುಂದಿನ ಕಲ್ಲಿನ ಮೇಲಲ್ಲದೆ ಹತ್ತು ಹದಿನೈದು ಮೀಟರು ಆಚೆಗೆ: ದೇಹಕ್ಕೆ ಇಷ್ಟು ರೂಢಿಯಾದರೆ ಸಾಕು. ಕಾಣದ ತಿರುವಿನಲ್ಲಿ ಎಡಕ್ಕಿರಿ, ಗಂಟೆ ಬಾರಿಸಿರಿ. ನಿರ್ಜನವೆಂದುಕೊಂಡ ದಾರಿಯಲ್ಲೇ ಸೌದೆ ಹೊತ್ತ ಹೆಂಗಸರು, ದನಗಳು, ಹಿಮ್ಮುಖವಾಗಿ ಬರುವ ಟ್ರ್ಯಾಕ್ಟರು ಎದುರಾಗುವುದು.

ಯಾವ ಕಾಲ ಯೋಗ್ಯ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಗಳನ್ನು ಮರೆತುಬಿಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರು ಮೀರಿ ಮಳೆ ಬೀಳುತ್ತದೆ. ಅದರ ಬಹುಭಾಗ ಈ ತಿಂಗಳುಗಳಲ್ಲೇ. ಆಗ ಇಂಬಳಗಳ ಕಾಟವಿರಲಿ, ಮೆತ್ತಗಾದ ದಾರಿಯಲ್ಲಿ ಚಕ್ರ ಕೊರೆದ ಗೆರೆ ನೀರಿನ ಕಾಲುವೆಯಾಗಿ ದಾರಿಯನ್ನೇ ಕೆಡಿಸುತ್ತದೆ, ಅದನ್ನು ಸರಿಪಡಿಸುವ ಖರ್ಚು ತೋಟದವರದು. ಅಕ್ಟೋಬರಿನಲ್ಲಿ ಮಳೆ ಇಳಿದರೂ ನೆರಳಿನ ಕಾಂಕ್ರೀಟಿನ ಮೇಲೆ ಪಾಚಿ ಒಣಗಿರುವುದಿಲ್ಲ. ನವೆಂಬರಿನ ನಡುವಿನಿಂದ ಫೆಬ್ರವರಿ ಮುಗಿಯುವವರೆಗೆ ಉತ್ತಮ ಕಾಲ. ಆದರೆ ಕಾಫಿ ಕೊಯ್ಲೂ ಆಗಲೇ: ಅರೇಬಿಕಾ ಮೊದಲು, ರೋಬಸ್ಟಾ ಜನವರಿಯ ಅನಂತರ. ಬೆಳಗ್ಗೆ ಆಳುಗಳನ್ನು ತರುವ ಪಿಕಪ್ಪುಗಳೂ ಸಂಜೆ ಹಣ್ಣು ತೂಗುವ ಹೊತ್ತಿನ ಟ್ರ್ಯಾಕ್ಟರುಗಳೂ ತೋಟದ ದಾರಿಯಲ್ಲಿ ಓಡಾಡುತ್ತವೆ. ಅವೆರಡರ ನಡುವಣ ಅವಧಿ ನಿಮ್ಮದು. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ, ಮಾರ್ಚ್ ಏಪ್ರಿಲ್ ಸುಮಾರಿಗೆ, ಇಡೀ ತೋಟ ಬೆಳ್ಳಗೆ ಅರಳಿ ಪರಿಮಳ ದಾರಿಯುದ್ದಕ್ಕೂ ತುಂಬಿರುತ್ತದೆ. ಬಿಸಿಲಿಗೆ ಅಂಜದವರು ಅದಕ್ಕಾಗಿಯೇ ಬರಬೇಕು.

ಎಚ್ಚರಿಕೆಗಳು

ದಾರಿಗೆ ಅಡ್ಡಲಾಗಿ ಉಣುಗೋಲೋ ಗೇಟೋ ಇದ್ದರೆ, ತೆರೆದದ್ದನ್ನು ತೆರೆದಂತೆ, ಮುಚ್ಚಿದ್ದನ್ನು ಮುಚ್ಚಿದಂತೆ ಬಿಟ್ಟು ಹೋಗಿರಿ. ಒಂದು ಗೇಟು ತೆರೆದುಳಿದರೆ ದನ ನುಗ್ಗಿ ಒಂದು ವರ್ಷದ ಬೆಳೆಯನ್ನು ಮೇಯಬಲ್ಲುದು. ತೋಟದ ರೈಟರು ಸಿಕ್ಕರೆ ಇಳಿದು ಮಾತಾಡಿಸಿ, ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಎಂಬುದನ್ನು ಹೇಳಿರಿ. ಕಣದಲ್ಲಿ ಹರಡಿದ ಕಾಫಿಯ ಮೇಲಾಗಲಿ, ದಾರಿಯಲ್ಲಿ ಹಾಸಿದ ಹುಲ್ಲಿನ ಮೇಲಾಗಲಿ ಚಕ್ರ ಹಾಯಿಸಬಾರದು. ವಿದ್ಯುತ್ ಹರಿಯುವ ಐಬೆಕ್ಸ್ ಬೇಲಿಯನ್ನು ಮುಟ್ಟಬೇಡಿ.

ಸಕಲೇಶಪುರ, ಆಲೂರು, ಮೂಡಿಗೆರೆ, ಕೊಡಗಿನ ಕಡೆ ಆನೆಗಳು ತೋಟಗಳಲ್ಲೇ ತಂಗುತ್ತವೆ. ಹೊತ್ತು ಮೂಡುವ ಮುನ್ನ, ಮುಳುಗಿದ ಮೇಲೆ ಈ ದಾರಿಗಳಲ್ಲಿ ಇರಲೇಕೂಡದು. ಸೈಕಲ್ಲು ಸದ್ದಿಲ್ಲದೆ ಸಾಗುವುದರಿಂದ ಆನೆಗೆ ನಿಮ್ಮ ಸುಳಿವು ಮೊದಲೇ ಸಿಗದೆ, ತಿರುವಿನಲ್ಲಿ ತೀರ ಹತ್ತಿರದಲ್ಲಿ ಮುಖಾಮುಖಿಯಾಗುವ ಅಪಾಯ ನಡೆಯುವವರಿಗಿಂತ ಹೆಚ್ಚು. ಆನೆಯ ಸುಳಿವು ಊರವರ ಮೊಬೈಲಿಗೆ ಬರುವ ಏರ್ಪಾಡು ಹಲವೆಡೆ ಇದೆ. ಅವರು ಬೇಡವೆಂದ ದಿನ ಆ ದಾರಿ ಬೇಡ. ತಾಜಾ ಲದ್ದಿಯೋ ಮುರಿದ ಬೈನೆ ಮರವೋ ಕಂಡರೆ ಚರ್ಚೆ ಮಾಡದೆ ಹಿಂತಿರುಗಿರಿ.

ನಾಯಿ ಅಟ್ಟಿಸಿ ಬಂದರೆ ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಅದು ಅಟ್ಟುವುದು ಓಡುವ ಚಕ್ರವನ್ನು. ಕಣಿವೆಗಳಲ್ಲಿ ಮೊಬೈಲಿನ ಸಂಪರ್ಕ ಸಿಗುವುದಿಲ್ಲವಾದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಮನೆಯಲ್ಲಿ ದಾರಿಯನ್ನೂ ಮರಳುವ ಹೊತ್ತನ್ನೂ ಹೇಳಿ, ಇಬ್ಬರಿಗಿಂತ ಕಡಮೆಯಾಗಿ ಹೊರಡದಿರಿ. ಎರಡು ಟ್ಯೂಬು, ಪಂಪು, ಚೈನಿನ ಕೊಂಡಿ, ಗೇರಿನ ಹ್ಯಾಂಗರು, ಎರಡು ಲೀಟರು ನೀರು ಜೊತೆಗಿರಲಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊಬೈಲಿನ ನಕ್ಷೆ ತೋರಿದ ಹತ್ತಿರದ ದಾರಿಯನ್ನು ಕಣ್ಣುಮುಚ್ಚಿ ನಂಬುವುದು ಮೊದಲನೆಯದು; ಬೀಗ ಹಾಕಿದ ತೋಟದ ಗೇಟಿಗೂ ಸೇತುವೆಯಿಲ್ಲದ ಹೊಳೆಗೂ ಅದು ಸಮಾನ ಶ್ರದ್ಧೆಯಿಂದ ಕರೆದೊಯ್ಯುತ್ತದೆ. ಬಯಲುಸೀಮೆಯ ಅಭ್ಯಾಸದಂತೆ ಹತ್ತು ಗಂಟೆಗೆ ಹೊರಡುವುದು ಎರಡನೆಯದು: ಪಶ್ಚಿಮಕ್ಕೆ ಬೆಟ್ಟವಿರುವ ಕಣಿವೆಯಲ್ಲಿ ಪಂಚಾಂಗದ ಸೂರ್ಯಾಸ್ತಕ್ಕಿಂತ ಬಹಳ ಮೊದಲೇ ಬೆಳಕು ಕುಂದುತ್ತದೆ. ದಾರಿಯ ಮೊದಲರ್ಧವನ್ನೆಲ್ಲ ಇಳಿದು, ದಣಿದ ಮೇಲೆ ಏರುವಂತೆ ಯೋಜಿಸುವುದು ಮೂರನೆಯದು. ಸಾಧ್ಯವಾದರೆ ಏರನ್ನು ಬೆಳಗಿನ ತಂಪಿನಲ್ಲಿ ಮುಗಿಸಿಕೊಳ್ಳಿರಿ.

ನಾಲ್ಕನೆಯದು ಎಲ್ಲಕ್ಕಿಂತ ಗುರುತರವಾದುದು: ಮಂಗನ ಕಾಯಿಲೆಯನ್ನು ಲಕ್ಷಿಸದಿರುವುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ಜ್ವರ ಉಣುಗಿನ ಕಡಿತದಿಂದ ಬರುತ್ತದೆ. ನಮ್ಮ ಸವಾರಿಯ ಒಣ ತಿಂಗಳುಗಳೇ ಅದರ ಕಾಲವೂ ಹೌದು. ದಣಿವಾರಿಸಿಕೊಳ್ಳಲು ಕಾಡಿನ ತರಗೆಲೆಯ ಮೇಲೆ ಕೂರದೆ, ಬರಿಯ ಬಂಡೆಯನ್ನೋ ಯಾರದಾದರೂ ಮನೆಯ ಜಗಲಿಯನ್ನೋ ಆರಿಸಿಕೊಳ್ಳಿರಿ. ಉದ್ದನೆಯ ಕಾಲುಚೀಲ ತೊಡಿರಿ, ಉಣುಗು ತಡೆಯುವ ಎಣ್ಣೆ ಸವರಿಕೊಳ್ಳಿರಿ, ಮಂಗ ಸತ್ತ ಸುದ್ದಿಯಿರುವ ಕಡೆಗೆ ಹೋಗಬೇಡಿ. ಮರಳಿದ ದಿನವೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಗಳನ್ನು ಬೇರೆ ತೊಳೆದು, ಕಂಕುಳು, ಮೊಣಕಾಲ ಹಿಂಬದಿ, ಕಿವಿಯ ಹಿಂದೆ ಉಣುಗು ಕಚ್ಚಿದೆಯೇ ಎಂದು ನೋಡಿಕೊಳ್ಳಬೇಕು. ಆ ಬಳಿಕದ ಎರಡು ವಾರಗಳೊಳಗೆ ಥಟ್ಟನೆ ಜ್ವರವೂ ತೀವ್ರ ತಲೆನೋವೂ ಮೈನೋವೂ ಕಾಣಿಸಿಕೊಂಡರೆ, ದಣಿವಿನ ಜ್ವರವೆಂದು ಮಾತ್ರೆ ನುಂಗಿ ಮಲಗದೆ ವೈದ್ಯರ ಬಳಿಗೆ ಹೋಗಿ, ಮಲೆನಾಡಿನ ಕಾಡಂಚಿನಲ್ಲಿ ಓಡಾಡಿ ಬಂದೆನೆಂಬುದನ್ನು ಅವರು ಕೇಳುವ ಮೊದಲೇ ಹೇಳಿರಿ.